ಮೊದಲ ರಕ್ತನಾಳ ಚಿಪ್: ಗಾಳಿಗುಳ್ಳೆ ಒಳಗೆ ಬರದ ಹಾಗೆ ಮಾಡುವುದು ಹೇಗೆ

ಆರ್ಗನ್ ಚಿಪ್ ಅಂದರೆ ಸಣ್ಣ ಚಾನೆಲ್‌ನೊಳಗೆ ಸೆಲ್ ಬೆಳೆಸಿ, ಒಂದು ಅಂಗದ ಕೆಲಸವನ್ನು ಅನುಕರಿಸುವ ಪುಟ್ಟ ಸಾಧನ. ಅದರ ಹೆಸರು ಕೇಳಿದ ಕೂಡಲೇ ಎಲ್ಲರಿಗೂ ಶ್ವಾಸಕೋಶದ ಚಿಪ್ಪೇ ಮಾಡಬೇಕು ಅನ್ನಿಸುತ್ತದೆ. 2010ರಲ್ಲಿ ಹಾರ್ವರ್ಡ್‌ನ ವೀಸ್ ಸಂಸ್ಥೆಯವರು ತೋರಿಸಿದ ಆ ಚಿಪ್ ನೋಡೋಕೆ ಪೆನ್‌ಡ್ರೈವ್‌ನಷ್ಟೇ ಇದೆ, ಆದರೆ ಒಳಗೆ ಎರಡು ಚಾನೆಲ್, ನಡುವೆ ತೂತುತೂತಿನ ತೆಳು ಪೊರೆ, ಆ ಪೊರೆಯನ್ನು ಉಸಿರಾಟದ ಹಾಗೆ ಎಳೆದು ಬಿಡೋಕೆ ಪಕ್ಕದಲ್ಲಿ ವ್ಯಾಕ್ಯೂಮ್. ಮೊದಲ ಸಲಕ್ಕೆ ಅದು ಬೇಡ. ಒಂದೇ ಚಾನೆಲ್‌ನ ರಕ್ತನಾಳ ಚಿಪ್ ಮಾಡಿ. ಹೊಕ್ಕುಳಬಳ್ಳಿಯ ರಕ್ತನಾಳದ ಒಳಗೋಡೆಯಿಂದ ತೆಗೆದ ಹುವೆಕ್ (HUVEC) ಸೆಲ್ ಸಾಕು.

ಪಿಡಿಎಂಎಸ್ (ಪಾರದರ್ಶಕ ಸಿಲಿಕೋನ್) 10 ಪಾಲಿಗೆ ಅದನ್ನು ಗಟ್ಟಿ ಮಾಡುವ ಕ್ಯೂರಿಂಗ್ ಏಜೆಂಟ್ 1 ಪಾಲು ಹಾಕಿ ಚೆನ್ನಾಗಿ ಕಲಸಿ. ಜೋನಿಬೆಲ್ಲದ ಹಾಗಿರುವ ಅದರಲ್ಲಿ ನೊರೆ ತುಂಬಿಕೊಳ್ಳುತ್ತದೆ. ವ್ಯಾಕ್ಯೂಮ್‌ನಲ್ಲಿಟ್ಟು ಒಂದು ಗುಳ್ಳೆಯೂ ಕಾಣದ ತನಕ ಕಾಯಿರಿ, ಆಮೇಲೆ ಚಾನೆಲ್ ಆಕಾರದ ಅಚ್ಚಿಗೆ ಸುರಿದು 65 ಡಿಗ್ರಿಯಲ್ಲಿ ಕೆಲವು ಗಂಟೆ ಬೇಯಿಸಿ. ಗಟ್ಟಿಯಾದದ್ದನ್ನು ಬಿಡಿಸಿ, ಎರಡು ತುದಿಗೂ ಬಯಾಪ್ಸಿ ಪಂಚ್‌ನಿಂದ ತೂತು ಹಾಕಿ, ಪ್ಲಾಸ್ಮಾ (ರಕ್ತದ್ದಲ್ಲ, ವಿದ್ಯುತ್ತಿನಿಂದ ಚಾರ್ಜ್ ಆದ ಅನಿಲ) ಕೊಟ್ಟು ಗಾಜಿಗೆ ಅಂಟಿಸಿ. ಪ್ಲಾಸ್ಮಾ ತಾಗಿದ ಒಳಗೋಡೆ ಸ್ವಲ್ಪ ಕಾಲ ನೀರನ್ನು ಹಿಡಿದುಕೊಳ್ಳುತ್ತದೆ. ಕ್ರಿಮಿಶುದ್ಧಿ ಮುಗಿಸಿ ಆವತ್ತೇ ಫೈಬ್ರೊನೆಕ್ಟಿನ್ ತುಂಬಿ, ಸೆಲ್ ಗೋಡೆಗೆ ಅಂಟಿಕೊಳ್ಳೋಕೆ ನೆರವಾಗುವ ಪ್ರೋಟೀನ್ ಅದು. ತಡ ಮಾಡಿದರೆ ಒಳಗೋಡೆ ಮತ್ತೆ ನೀರನ್ನು ದೂರ ತಳ್ಳುತ್ತದೆ, ಗುಳ್ಳೆ ಅಂಟಿ ಕೂರುವುದು ಅಂಥ ಗೋಡೆಗೇ.

ಸೆಲ್‌ಗಳನ್ನು ದಟ್ಟವಾಗಿಯೇ ಬಿಡಿ, ಒಂದು ಮಿಲಿಲೀಟರಿಗೆ ಹತ್ತಾರು ಲಕ್ಷ ಇರಲಿ. ತೆಳುವಾದರೆ ಚಾನೆಲ್ ಬೋಳು ಬೋಳಾಗಿ ಉಳಿಯುತ್ತದೆ. ಮೇಲಿನ ಗೋಡೆಗೂ ಸೆಲ್ ಹತ್ತಬೇಕು ಅಂದ್ರೆ ಸ್ವಲ್ಪ ಹೊತ್ತು ಚಿಪ್ ಮಗುಚಿಡಿ.

ಈಗ ಪಂಪ್ ಜೋಡಿಸುವ ಹೊತ್ತು. ಜಾಸ್ತಿ ಚಿಪ್‌ಗಳು ಸಾಯುವುದು ಇಲ್ಲೇ. ಫ್ರಿಜ್‌ನಿಂದ ತೆಗೆದ ಮೀಡಿಯಾವನ್ನು (ಸೆಲ್‌ಗಳಿಗೆ ಆಹಾರ ಕೊಡುವ ದ್ರವ) ನೇರ ಹಾಕಲೇಬೇಡಿ. ತಣ್ಣನೆಯ ದ್ರವದಲ್ಲಿ ಗಾಳಿ ಜಾಸ್ತಿ ಕರಗಿರುತ್ತದೆ, 37 ಡಿಗ್ರಿಗೆ ಬಂದ ಹಾಗೆ ಅದು ಗುಳ್ಳೆಯಾಗಿ ಹೊರಗೆ ಬರುತ್ತದೆ. ನನ್ನ ಮೊದಲ ಚಿಪ್ ಹೋದದ್ದು ಹೀಗೇ. ಸಂಜೆ ಸೆಲ್‌ಗಳು ಹಾಸುಗಲ್ಲಿನ ಹಾಗೆ ಒತ್ತೊತ್ತಾಗಿ ಕೂತಿದ್ದವು, ಬೆಳಿಗ್ಗೆ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಒಂದು ಗುಳ್ಳೆ ಹಾದುಹೋದ ದಾರಿಯುದ್ದಕ್ಕೂ ಬರೀ ಗಾಜು, ಎರಡೂ ಅಂಚಿನಲ್ಲಿ ಸುರುಳಿ ಸುತ್ತಿಕೊಂಡ ಸೆಲ್‌ಗಳು. ಎರಡು ವಾರದ ಕೆಲಸ ಅದು, ತುಂಬಾ ಬೇಜಾರಾಯಿತು.

ಹಾಗಾಗಿ ಮೀಡಿಯಾವನ್ನು ಮೊದಲು ಬಿಸಿ ಮಾಡಿ, ವ್ಯಾಕ್ಯೂಮ್ ಫಿಲ್ಟರ್‌ನಲ್ಲಿ ಗಾಳಿ ತೆಗೆಯಿರಿ. ಡ್ರಿಪ್ ಹಾಕುವ ಮೊದಲು ನರ್ಸ್ ಟ್ಯೂಬಿನ ಗಾಳಿ ಹೊರಗೆ ಬಿಡುತ್ತಾರಲ್ವಾ, ಹಾಗೇ ನಿಮ್ಮ ಟ್ಯೂಬನ್ನೂ ಪೂರ್ತಿ ತುಂಬಿಸಿ. ಚಿಪ್‌ನ ತೂತಿನ ಮೇಲೆ ಒಂದು ಹನಿ ಮೀಡಿಯಾ ಉಬ್ಬಿ ನಿಂತಿರಲಿ, ಟ್ಯೂಬಿನ ತುದಿಯಲ್ಲೂ ಒಂದು ಹನಿ ತೂಗುತ್ತಿರಲಿ. ಹನಿಗೆ ಹನಿ ತಾಗಿಸಿ, ಅವು ಒಂದಾದ ಮೇಲೆಯೇ ಟ್ಯೂಬನ್ನು ಒಳಗೆ ಒತ್ತಿ. ಗಡಿಬಿಡಿ ಬೇಡ. ಹರಿವು ಮೊದಲು ನಿಧಾನ ಇರಲಿ, ಮಾರನೇ ದಿನದಿಂದ ಮೆಲ್ಲಗೆ ಏರಿಸಿ. ಹರಿವು ಸಾಕಷ್ಟು ಜೋರಾದಾಗ ಸೆಲ್‌ಗಳು ಉದ್ದವಾಗಿ ಅದೇ ದಿಕ್ಕಿಗೆ ಮಲಗುತ್ತವೆ, ನಮ್ಮ ಮೈಯೊಳಗಿನ ರಕ್ತನಾಳದಲ್ಲಿ ಇರುವ ಹಾಗೆಯೇ. ಅದನ್ನು ನೋಡುವ ಖುಷಿಯೇ ಬೇರೆ.

2023ರಲ್ಲಿ ನಮ್ಮ ದೇಶದ ಹೊಸ ಔಷಧ ನಿಯಮಗಳಲ್ಲೂ ಆರ್ಗನ್ ಚಿಪ್‌ನಂಥ ವಿಧಾನಗಳಿಗೆ ಜಾಗ ಸಿಕ್ಕಿದೆ, ಹಾಗಾಗಿ ಚಿಪ್‌ನಲ್ಲಿ ಔಷಧ ಪರೀಕ್ಷಿಸುವ ಆಸೆ ನಿಮಗೂ ಇರಬಹುದು. ಒಂದು ಎಚ್ಚರ. ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವ ಸಣ್ಣ ಅಣುಗಳನ್ನು ಪಿಡಿಎಂಎಸ್ ಹೀರಿಕೊಳ್ಳುತ್ತದೆ. ಸೆಲ್ ಇಲ್ಲದ ಒಂದು ಖಾಲಿ ಚಿಪ್‌ನಲ್ಲಿ ಅದೇ ಔಷಧ ಹರಿಸಿ, ಆಚೆ ಎಷ್ಟು ಬಂತು ಅಂತ ಮೊದಲು ಅಳೆದು ನೋಡಿ.