ಪೆನ್‌ಡ್ರೈವ್‌ನಲ್ಲಿ ಬಂದ ಸೆಟಪ್ ಫೈಲು ಅಸಲಿಯೇ? ಪತ್ತೆ ಹಚ್ಚುವುದು ಹೀಗೆ

ಹಾಸನದ ಬಿ.ಎಂ. ರಸ್ತೆ ಆಸುಪಾಸಿನ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇರುತ್ತದೆ. ಅದರೊಳಗೆ ‘ಸಾಫ್ಟ್‌ವೇರ್’ ಅಂತೊಂದು ಫೋಲ್ಡರ್. ಪ್ರಿಂಟರ್ ಡ್ರೈವರ್, ನುಡಿ, ವಿಎಲ್‌ಸಿ, ಆಂಟಿವೈರಸ್, ವಿಂಡೋಸ್ ಐಎಸ್ಒ (ಇಡೀ ಇನ್‌ಸ್ಟಾಲ್ ಡಿಸ್ಕನ್ನು ಒಂದೇ ಫೈಲಾಗಿಸಿದ ಪ್ರತಿ) ಎಲ್ಲವೂ ಅಲ್ಲಿವೆ. ವರ್ಷಗಟ್ಟಲೆ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟಿ ಬಂದ ಸರಕು ಅದು. ಅರ್ಧಕ್ಕರ್ಧ ಫೈಲುಗಳ ಹೆಸರು ಬರೀ ‘ಸೆಟಪ್’. ಮಿಕ್ಕವು ‘ಸೆಟಪ್ 1’, ‘ಸೆಟಪ್ ನ್ಯೂ’, ‘ಸೆಟಪ್ ಫೈನಲ್’. ಯಾವುದು ಯಾವ ಆವೃತ್ತಿ, ನಡುವೆ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಆದರೆ ಇದೇ ಫೈಲುಗಳು ಸಕಲೇಶಪುರದ ಎಸ್ಟೇಟ್ ಆಫೀಸಿನ ಕಂಪ್ಯೂಟರಿಗೂ ಹೋಗುತ್ತವೆ, ಚನ್ನರಾಯಪಟ್ಟಣದ ಸಹಕಾರ ಸಂಘದ ಕಂಪ್ಯೂಟರಿಗೂ ಹೋಗುತ್ತವೆ. ಆಳುಗಳ ಸಂಬಳದ ಪಟ್ಟಿ, ರೈತರ ಸಾಲದ ಲೆಕ್ಕ ಇರುವ ಯಂತ್ರಕ್ಕೆ ಹಿಂದುಮುಂದು ಗೊತ್ತಿಲ್ಲದ ಫೈಲನ್ನು ಹಾಕುವುದು ಸಣ್ಣ ವಿಷಯವಲ್ಲ.

ಫೈಲಿನ ಹೆಸರು, ಐಕಾನ್, ದಿನಾಂಕ ಇವನ್ನೆಲ್ಲ ಯಾರು ಬೇಕಾದರೂ ಬದಲಿಸಬಹುದು. ನಂಬಬಹುದಾದ ಗುರುತು ಎಂದರೆ ಅದರ ಹ್ಯಾಶ್. ಫೈಲಿನೊಳಗಿನ ಪ್ರತಿಯೊಂದು ಬೈಟನ್ನೂ ಒಂದು ಗಣಿತಸೂತ್ರಕ್ಕೆ ಹಾಕಿದಾಗ ಕೊನೆಗೆ ಉಳಿಯುವ ಸಂಖ್ಯೆ ಇದು. ಈಗ ಹೆಚ್ಚು ಬಳಕೆಯಲ್ಲಿರುವ ಸೂತ್ರ ಎಸ್‌ಎಚ್‌ಎ-256. ಫೈಲು ಒಂದು ಕೆ.ಬಿ. ಇರಲಿ, ಐದು ಜಿ.ಬಿ. ಇರಲಿ, ಉತ್ತರ ಬರುವುದು 256 ಬಿಟ್‌ಗಳಲ್ಲೇ. ತೆರೆಯ ಮೇಲೆ ಅದು 64 ಅಕ್ಷರಗಳಾಗಿ ಕಾಣುತ್ತದೆ: 0ಯಿಂದ 9ರವರೆಗಿನ ಅಂಕಿಗಳು ಮತ್ತು ಇಂಗ್ಲಿಷಿನ ಎ ಇಂದ ಎಫ್‌ವರೆಗಿನ ಅಕ್ಷರಗಳು.

ಇದರ ಸೂಕ್ಷ್ಮ ಎಷ್ಟೆಂದು ನೀವೇ ನೋಡಬಹುದು. ನೋಟ್‌ಪ್ಯಾಡಿನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಐದಕ್ಷರದ ‘ಹಲೋ’ ಬರೆದು, ಎಂಟರ್ ಒತ್ತದೆ ಸೇವ್ ಮಾಡಿ. ಆ ಫೈಲಿನ ಎಸ್‌ಎಚ್‌ಎ-256 ಶುರುವಾಗುವುದು 2ಸಿಎಫ್24ಡಿಬಿಎ ಎಂದು. ಮೊದಲ ಅಕ್ಷರವೊಂದನ್ನು ಮಾತ್ರ ದೊಡ್ಡಕ್ಷರ ಮಾಡಿ ಮತ್ತೆ ಸೇವ್ ಮಾಡಿದರೆ 185ಎಫ್8ಡಿಬಿ3 ಎಂದು ಶುರುವಾಗುತ್ತದೆ. ಬದಲಾದದ್ದು ಒಂದೇ ಅಕ್ಷರ, ಹ್ಯಾಶ್ ಮಾತ್ರ ಪೂರ್ತಿ ಬೇರೆ. ಅದೇ ಫೈಲಿಗೆ ಬೇರೆ ಹೆಸರಿಟ್ಟು ನೋಡಿ, ಹ್ಯಾಶ್ ಅಲುಗುವುದಿಲ್ಲ. ‘ಸೆಟಪ್ ಫೈನಲ್’ ನಿಜಕ್ಕೂ ಏನೆಂದು ಹೆಸರಿನ ಹಂಗಿಲ್ಲದೆ ಹೇಳಲು ಸಾಧ್ಯವಾಗುವುದು ಈ ಗುಣದಿಂದಲೇ.

ಹ್ಯಾಶ್ ತೆಗೆಯುವುದು

ಫೈಲಿನ ಮೇಲೆ ಡಬಲ್ ಕ್ಲಿಕ್ ಮಾತ್ರ ಮಾಡಬೇಡಿ. ಹ್ಯಾಶ್ ತೆಗೆಯುವಾಗ ಫೈಲನ್ನು ಓದಲಾಗುತ್ತದೆಯೇ ಹೊರತು ಅದು ರನ್ ಆಗುವುದಿಲ್ಲ. ಹಾಗಾಗಿ ಅನುಮಾನದ ಫೈಲಿನ ಹ್ಯಾಶನ್ನೂ ಧೈರ್ಯವಾಗಿ ತೆಗೆಯಬಹುದು.

ವಿಂಡೋಸ್‌ನಲ್ಲಿ ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಫೈಲಿರುವ ಫೋಲ್ಡರ್ ತೆರೆದು, ಮೇಲಿನ ಅಡ್ರೆಸ್ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ‘ಪವರ್‌ಶೆಲ್’ ಎಂದು ಟೈಪಿಸಿ ಎಂಟರ್ ಒತ್ತಿ. ತೆರೆದುಕೊಳ್ಳುವ ಕಿಟಕಿಯಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಎಂದು ಟೈಪಿಸಿ (‘ಗೆಟ್’ ಆದಮೇಲೆ ಅಡ್ಡಗೆರೆ, ‘ಫೈಲ್‌ಹ್ಯಾಶ್’ ಒಂದೇ ಪದ). ಒಂದು ಸ್ಪೇಸ್ ಬಿಟ್ಟು ಫೈಲಿನ ಹೆಸರಿನ ಮೊದಲ ಎರಡು ಮೂರು ಅಕ್ಷರ ಟೈಪಿಸಿ ಟ್ಯಾಬ್ ಕೀ ಒತ್ತಿದರೆ ಉಳಿದದ್ದನ್ನು ಅದೇ ತುಂಬಿಕೊಳ್ಳುತ್ತದೆ. ಎಂಟರ್ ಒತ್ತಿ. ದೊಡ್ಡ ಐಎಸ್ಒ ಆದರೆ ಸ್ವಲ್ಪ ಹೊತ್ತು ಕಾಯಬೇಕು.

ಕಮಾಂಡ್ ಗೋಜು ಬೇಡ ಎನ್ನುವವರು 7-ಜಿಪ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಸಿಆರ್‌ಸಿ ಎಸ್‌ಎಚ್‌ಎ’ ಮೆನುವಿನಲ್ಲಿ ಎಸ್‌ಎಚ್‌ಎ-256 ಆರಿಸಿಕೊಳ್ಳಬಹುದು. ವಿಂಡೋಸ್ 11ರಲ್ಲಿ ಮೊದಲು ‘ಶೋ ಮೋರ್ ಆಪ್ಶನ್ಸ್’ ಒತ್ತಬೇಕಾಗಬಹುದು. ಉಬುಂಟುವಿನಂಥ ಲಿನಕ್ಸ್‌ನಲ್ಲಿ ಇದಕ್ಕೆ ‘ಎಸ್‌ಎಚ್‌ಎ256ಸಮ್’ ಎಂಬ ಕಮಾಂಡ್ ಇದೆ.

ತಾಳೆ ನೋಡುವುದು

ಈಗ ಆ ತಂತ್ರಾಂಶ ಮಾಡಿದವರ ಸ್ವಂತ ವೆಬ್‌ಸೈಟಿಗೆ ಹೋಗಿ. ವಿಎಲ್‌ಸಿ, ಗಿಂಪ್, ಲಿಬ್ರೆಆಫೀಸ್‌ನವರು ಡೌನ್‌ಲೋಡ್ ಜತೆ ಹ್ಯಾಶನ್ನೂ ಕೊಡುತ್ತಾರೆ. ವಿಂಡೋಸ್ 11ರ ಐಎಸ್ಒಗಳ ಹ್ಯಾಶ್ ಪಟ್ಟಿ ಮೈಕ್ರೋಸಾಫ್ಟ್‌ನ ಡೌನ್‌ಲೋಡ್ ಪುಟದಲ್ಲಿದೆ.

ಮೊದಲ ನಾಲ್ಕಕ್ಷರ, ಕೊನೆಯ ನಾಲ್ಕಕ್ಷರ ನೋಡಿ ‘ಸರಿ ಇದೆ’ ಅನ್ನುವ ಅಭ್ಯಾಸ ಬಿಡಿ. ಅಷ್ಟು ಮಾತ್ರ ಹೊಂದುವಂತೆ ನಕಲಿ ಫೈಲು ತಯಾರಿಸಲು ಇಂದಿನ ಕಂಪ್ಯೂಟರಿಗೆ ಸಾಧ್ಯವಿದೆ. ವೆಬ್‌ಸೈಟಿನ ಹ್ಯಾಶನ್ನು ನೋಟ್‌ಪ್ಯಾಡಿಗೆ ಅಂಟಿಸಿ, ಕಂಟ್ರೋಲ್-ಎಫ್ ಒತ್ತಿ ನಿಮ್ಮ ಹ್ಯಾಶನ್ನು ಹುಡುಕಿಸಿ. ಸಿಕ್ಕಿದರೆ 64 ಅಕ್ಷರವೂ ಒಂದೇ. ಪವರ್‌ಶೆಲ್ ದೊಡ್ಡಕ್ಷರದಲ್ಲಿ ತೋರಿಸುತ್ತದೆ, ವೆಬ್‌ಸೈಟುಗಳು ಹೆಚ್ಚಾಗಿ ಸಣ್ಣಕ್ಷರದಲ್ಲಿ ಕೊಡುತ್ತವೆ. ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ತಾಳೆಯಾಗದಿದ್ದರೆ ತಕ್ಷಣ ವೈರಸ್ ಎಂದು ಗಾಬರಿಯಾಗಬೇಡಿ. ಮೊದಲು ಆವೃತ್ತಿ ನೋಡಿ: ನಿಮ್ಮದು ಹಳೆಯದು, ಪುಟದಲ್ಲಿರುವುದು ಹೊಸದರ ಹ್ಯಾಶ್ ಆಗಿರಬಹುದು. 32 ಬಿಟ್‌ನದಕ್ಕೂ 64 ಬಿಟ್‌ನದಕ್ಕೂ ಹ್ಯಾಶ್ ಬೇರೆ ಬೇರೆ. ನೀವು ಹ್ಯಾಶ್ ತೆಗೆದದ್ದು ಜಿಪ್ ಫೈಲಿನದ್ದೋ, ಅದರೊಳಗಿನ ಸೆಟಪ್‌ನದ್ದೋ ಎಂಬುದನ್ನೂ ನೋಡಿಕೊಳ್ಳಿ. ಮಳೆಗಾಲದಲ್ಲಿ ಮಲೆನಾಡಿನ ಕಡೆ ನೆಟ್‌ವರ್ಕ್ ಹೋಗಿ ಡೌನ್‌ಲೋಡ್ ಅರ್ಧಕ್ಕೇ ನಿಲ್ಲುವುದು ಎಲ್ಲರಿಗೂ ಗೊತ್ತಿದ್ದದ್ದೇ, ಹಾಗೆ ತುಂಡಾದ ಫೈಲಿನ ಹ್ಯಾಶ್ ಹೊಂದುವುದಿಲ್ಲ. ಹ್ಯಾಶ್ ಇ3ಬಿ0ಸಿ442 ಎಂದು ಶುರುವಾಗಿದ್ದರೆ ಫೈಲಿನೊಳಗೆ ಏನೂ ಇಲ್ಲ ಎಂದೇ ತಿಳಿಯಿರಿ. ಸೊನ್ನೆ ಬೈಟಿನ ಖಾಲಿ ಫೈಲಿಗೆ ಎಲ್ಲ ಕಡೆಯೂ ಅದೇ ಹ್ಯಾಶ್. ಇವು ಯಾವುವೂ ಅಲ್ಲದೆ, ಅದೇ ಆವೃತ್ತಿ, ಅದೇ ಫೈಲು ಆಗಿಯೂ ಹ್ಯಾಶ್ ಬೇರೆ ಬಂದರೆ ಮಾತ್ರ ಅದನ್ನು ಮುಟ್ಟಬೇಡಿ.

ವೆಬ್‌ಸೈಟೇ ಕೆಟ್ಟವರ ಕೈಸೇರಿದರೆ? ಅದೂ ಆಗಿದೆ. 2016ರ ಫೆಬ್ರುವರಿ 20ರಂದು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ವೆಬ್‌ಸೈಟಿಗೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇಟ್ಟಿದ್ದ ಐಎಸ್ಒ ಕಡೆಗೆ ತಿರುಗಿಸಿದ್ದರು. ಪುಟವನ್ನೇ ತಿದ್ದಬಲ್ಲವರಿಗೆ ಅದರಲ್ಲಿರುವ ಹ್ಯಾಶ್ ತಿದ್ದುವುದು ದೊಡ್ಡದಲ್ಲ. ಅದಕ್ಕೇ ಹ್ಯಾಶ್ ಮೇಲೆ ಡಿಜಿಟಲ್ ಸಹಿಯೂ ಇರಬೇಕು. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳಡಿ ದಾಸೋಜ, ಚಾವಣರ ಹೆಸರು ಕೆತ್ತಿರುವಂತೆ ಇದೂ ಮಾಡಿದವರ ಹೆಸರು ಹೇಳುತ್ತದೆ. ಆದರೆ ಕಲ್ಲಿನಲ್ಲಿ ಆ ಹೆಸರನ್ನು ಇನ್ನೊಬ್ಬರೂ ಕೆತ್ತಬಹುದು. ಡಿಜಿಟಲ್ ಸಹಿ ಆಯಾ ಫೈಲಿನ ಹ್ಯಾಶ್‌ಗೇ ಹಾಕಿದ್ದಾದ್ದರಿಂದ, ಕಿತ್ತು ಬೇರೆ ಫೈಲಿಗೆ ಅಂಟಿಸಿದರೆ ಸುಳ್ಳು ತಕ್ಷಣ ಬಯಲಾಗುತ್ತದೆ. ವಿಂಡೋಸ್‌ನಲ್ಲಿ ಫೈಲಿನ ‘ಪ್ರಾಪರ್ಟೀಸ್’ ತೆರೆದು ‘ಡಿಜಿಟಲ್ ಸಿಗ್ನೇಚರ್ಸ್’ ಪುಟ ಇದೆಯೇ, ಅಲ್ಲಿ ಯಾರ ಹೆಸರಿದೆ, ‘ಡೀಟೇಲ್ಸ್’ ಒತ್ತಿದಾಗ ಸಹಿ ಸರಿಯಿದೆ ಎನ್ನುತ್ತದೆಯೇ ನೋಡಿ. ಹ್ಯಾಶ್ ಪ್ರಕಟಿಸದ ತಂತ್ರಾಂಶಗಳಿಗೆ ಇದೇ ದಾರಿ. ಸಹಿಯೂ ಇಲ್ಲದಿದ್ದರೆ ಹಳೆಯ ಪ್ರತಿ ಬಿಟ್ಟು ಮೂಲ ತಾಣದಿಂದ ಹೊಸದಾಗಿ ಇಳಿಸಿಕೊಳ್ಳುವುದೇ ಲೇಸು.

ಯಾವುದೆಂದೇ ಗೊತ್ತಿಲ್ಲದ ಫೈಲು

ತಂತ್ರಾಂಶ ಯಾವುದು ಎಂದೇ ತಿಳಿಯದಿದ್ದಾಗ ಹ್ಯಾಶ್‌ನಿಂದ ಹೆಸರಿನ ಕಡೆಗೆ ಹಿಂದಕ್ಕೆ ಹೋಗಬಹುದು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ‘ನ್ಯಾಷನಲ್ ಸಾಫ್ಟ್‌ವೇರ್ ರೆಫರೆನ್ಸ್ ಲೈಬ್ರರಿ’ ಎಂಬ ಸಂಗ್ರಹ ಇಟ್ಟಿದೆ. ತಂತ್ರಾಂಶಗಳನ್ನು ತಂದು, ಅವುಗಳ ಒಳಗಿನ ಒಂದೊಂದು ಫೈಲಿನ ಹ್ಯಾಶನ್ನೂ ದಾಖಲಿಸಿ, ಪಟ್ಟಿಯನ್ನು ಉಚಿತವಾಗಿ ಕೊಡುತ್ತದೆ. ವಶಪಡಿಸಿಕೊಂಡ ಹಾರ್ಡ್‌ಡಿಸ್ಕ್ ಪರಿಶೀಲಿಸುವ ತನಿಖಾಧಿಕಾರಿಗಳು ಗೊತ್ತಿರುವ ಫೈಲುಗಳನ್ನು ಇದರಿಂದ ಬದಿಗೆ ಸರಿಸಿ ಉಳಿದವುಗಳ ಮೇಲೆ ಗಮನ ಇಡುತ್ತಾರೆ. ಆ ದೊಡ್ಡ ಪಟ್ಟಿಯನ್ನು ನಾವು ಇಳಿಸಿಕೊಳ್ಳಬೇಕಿಲ್ಲ. ಲಕ್ಸೆಂಬರ್ಗ್‌ನ ಕಂಪ್ಯೂಟರ್ ಭದ್ರತಾ ಸಂಸ್ಥೆ ಸರ್ಕಲ್‌ನ ‘ಹ್ಯಾಶ್‌ಲುಕಪ್’ ಸೇವೆ ಈ ಪಟ್ಟಿಯನ್ನೂ ಹಲವು ಲಿನಕ್ಸ್ ಪ್ಯಾಕೇಜುಗಳ ಹ್ಯಾಶ್‌ಗಳನ್ನೂ ಒಟ್ಟಿಗೆ ಹುಡುಕಿಕೊಡುತ್ತದೆ.

ಫೈಲುಗಳನ್ನು ಹಲವು ಆಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷಿಸುವ, ಗೂಗಲ್ ಒಡೆತನದ ವೈರಸ್‌ಟೋಟಲ್ ತಾಣದಲ್ಲೂ ಹುಡುಕಬಹುದು. ಅಲ್ಲಿ ‘ಫೈಲ್’ ಬಿಟ್ಟು ‘ಸರ್ಚ್’ ಆರಿಸಿ ಹ್ಯಾಶ್ ಮಾತ್ರ ಅಂಟಿಸಿ. ಫೈಲನ್ನೇ ಏರಿಸಿದರೆ ಅದು ಅಲ್ಲಿನ ಬೇರೆ ಸಂಸ್ಥೆಗಳ ಕೈಗೂ ಸಿಗುತ್ತದೆ. ಗ್ರಾಹಕರ ಕಾಗದಪತ್ರ ಸೇರಿರುವ ಜಿಪ್ ಫೈಲನ್ನಂತೂ ಯಾವ ಕಾರಣಕ್ಕೂ ಏರಿಸಬೇಡಿ.

‘ಗೊತ್ತಿರುವ ಫೈಲು’ ಎಂದ ಮಾತ್ರಕ್ಕೆ ‘ಒಳ್ಳೆಯ ಫೈಲು’ ಎಂದು ಅರ್ಥವಲ್ಲ. ಎನ್‌ಐಎಸ್‌ಟಿ ಸಂಗ್ರಹದಲ್ಲಿ ಹ್ಯಾಕಿಂಗ್ ಉಪಕರಣಗಳೂ ಇವೆ. ಎಲ್ಲೂ ಸಿಗದ ಫೈಲು ಕೆಟ್ಟದ್ದೇ ಎಂದೂ ಅಲ್ಲ, ನಮ್ಮ ಭಾಗದ ಯಾರೋ ಒಬ್ಬರು ಒಂದು ಸಂಘಕ್ಕಾಗಿ ಮಾಡಿಕೊಟ್ಟ ಬಿಲ್ಲಿಂಗ್ ತಂತ್ರಾಂಶ ಲಕ್ಸೆಂಬರ್ಗ್‌ನ ಪಟ್ಟಿಯಲ್ಲಿ ಯಾಕಿರುತ್ತದೆ?

ಹಳೆಯ ತಾಣಗಳಲ್ಲಿ 32 ಅಕ್ಷರದ ಎಂಡಿ5, 40 ಅಕ್ಷರದ ಎಸ್‌ಎಚ್‌ಎ-1 ಕಾಣುತ್ತವೆ. ಎರಡು ಬೇರೆ ಫೈಲುಗಳಿಗೆ ಒಂದೇ ಎಂಡಿ5 ಬರುವಂತೆ ಮಾಡಬಹುದೆಂದು ಚೀನಾದ ಸಂಶೋಧಕರು 2004ರಲ್ಲಿ ತೋರಿಸಿದರು. ಎಸ್‌ಎಚ್‌ಎ-1ಕ್ಕೆ 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಎರಡು ಪಿಡಿಎಫ್‌ಗಳ ಮೂಲಕ ಅದನ್ನೇ ಮಾಡಿ ತೋರಿಸಿದವು. ಡೌನ್‌ಲೋಡ್ ತುಂಡಾಗಿದೆಯೇ ಎಂದು ನೋಡಲು ಇವು ಸಾಕು, ನಂಬಿ ಇನ್‌ಸ್ಟಾಲ್ ಮಾಡಲು ಸಾಲದು.

ಅಂಗಡಿಯ ಹಾರ್ಡ್‌ಡಿಸ್ಕ್‌ಗೆ

‘ಗೆಟ್-ಫೈಲ್‌ಹ್ಯಾಶ್’ ಆದಮೇಲೆ ಸ್ಪೇಸ್ ಬಿಟ್ಟು ಹೆಸರಿನ ಬದಲು ನಕ್ಷತ್ರ ಚಿಹ್ನೆ ಹಾಕಿದರೆ ಫೋಲ್ಡರಿನ ಎಲ್ಲ ಫೈಲುಗಳ ಹ್ಯಾಶ್ ಒಟ್ಟಿಗೇ ಬರುತ್ತದೆ. ಕಿಟಕಿಯನ್ನು ಅಗಲ ಮಾಡಿಕೊಳ್ಳಿ, ಇಲ್ಲದಿದ್ದರೆ ಹೆಸರುಗಳು ಅರ್ಧಕ್ಕೇ ಕತ್ತರಿಸಿ ಹೋಗುತ್ತವೆ. ಒಂದೇ ಹ್ಯಾಶ್ ಇರುವವು ಒಂದೇ ಫೈಲಿನ ನಕಲುಗಳು, ಒಂದನ್ನುಳಿಸಿ ಮಿಕ್ಕವನ್ನು ಅಳಿಸಿ. ಗುರುತು ಸಿಕ್ಕ ಫೈಲಿಗೆ ತಂತ್ರಾಂಶದ ಹೆಸರು, ಆವೃತ್ತಿ ಸೇರಿಸಿ ಹೊಸ ಹೆಸರಿಡಿ.

ಆ ಪಟ್ಟಿಯನ್ನು ಅದೇ ಡಿಸ್ಕಿನಲ್ಲಿ ಇಡದೆ ಬೇರೆ ಕಡೆ ಇಟ್ಟುಕೊಂಡು, ಆಗಾಗ ಮತ್ತೆ ಹ್ಯಾಶ್ ತೆಗೆದು ಹೋಲಿಸಿ. ಸೆಟಪ್ ಫೈಲು ತಾನಾಗಿಯೇ ಬದಲಾಗುವಂಥದ್ದಲ್ಲ. ಯಾವುದೋ ಒಂದರ ಹ್ಯಾಶ್ ಬದಲಾಗಿದೆ ಎಂದರೆ ಒಂದೋ ಡಿಸ್ಕ್ ಕೆಡುತ್ತಿದೆ, ಇಲ್ಲವೇ ಇಎಕ್ಸ್‌ಇ ಫೈಲುಗಳಿಗೆ ತನ್ನ ಕೋಡ್ ಅಂಟಿಸುವ ಸ್ಯಾಲಿಟಿಯಂಥ ವೈರಸ್ ಯಾವುದೋ ಗ್ರಾಹಕರ ಯಂತ್ರದಿಂದ ಅದಕ್ಕೆ ಹತ್ತಿದೆ. ಎರಡರಲ್ಲಿ ಯಾವುದೆಂದು ತಿಳಿಯುವವರೆಗೆ ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಬೇಡಿ.