ಊರಿನ ಈಜು ಸ್ಪರ್ಧೆಯ ಚರಿತ್ರೆ ದಾಖಲಿಸುವ ಕ್ರಮ: ರಾಟ್‌ನೆಸ್ಟ್ ಮಾದರಿಯಾಗಿ

ಕಡಲು, ಹೊಳೆ, ಕೆರೆಗಳಲ್ಲಿ ನಡೆಯುವ ಈಜು ಸ್ಪರ್ಧೆಗಳ ಚರಿತ್ರೆ ಎಂದು ಸಾಮಾನ್ಯವಾಗಿ ಸಿಗುವುದು ಗೆದ್ದವರ ಹೆಸರು ಮತ್ತು ಸಮಯದ ಪಟ್ಟಿ. ಈಜುಕೊಳಕ್ಕಾದರೆ ಅಷ್ಟು ಸಾಕು. ತೆರೆದ ನೀರಿನಲ್ಲಿ ದಾರಿ, ಗಾಳಿ, ಸೆಳೆತ, ನಿಯಮ ಎಲ್ಲವೂ ವರ್ಷದಿಂದ ವರ್ಷಕ್ಕೆ ಬೇರೆ. ಅವನ್ನು ಬರೆದಿಡದಿದ್ದರೆ ಸಮಯಕ್ಕೆ ಅರ್ಥವೇ ಇಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದ ಕಾಟೆಸ್ಲೋ ಕಡಲತೀರದಿಂದ ರಾಟ್‌ನೆಸ್ಟ್ ದ್ವೀಪಕ್ಕೆ 19.7 ಕಿ.ಮೀ. ಈಜುವ ಸ್ಪರ್ಧೆಯನ್ನು ಮುಂದಿಟ್ಟುಕೊಂಡು ಈ ಕೆಲಸ ಮಾಡುವ ಬಗೆ ನೋಡೋಣ.

ಮೊದಲು, ಯಾವುದನ್ನು ಆರಂಭ ಎನ್ನುತ್ತೀರಿ ಎಂದು ತೀರ್ಮಾನಿಸಿ. ರಾಟ್‌ನೆಸ್ಟ್‌ಗೆ ಮೂರು ಆರಂಭಗಳಿವೆ. 1956ರ ಜನವರಿಯಲ್ಲಿ ಗೆರ್ಡ್ ಫಾನ್ ಡಿಂಕ್ಲಾಗೆ-ಶುಲೆನ್‌ಬುರ್ಗ್ ಒಬ್ಬರೇ ಈಜಿದ್ದು ದಾಖಲೆಯಲ್ಲಿರುವ ಮೊದಲ ಈಜು. ಅದೇ ವರ್ಷದ ಮಾರ್ಚ್‌ನಲ್ಲಿ ಪತ್ರಿಕೆಯೊಂದು ಸ್ಪರ್ಧೆ ಏರ್ಪಡಿಸಿತು. ಈಗಿನ ವಾರ್ಷಿಕ ಸ್ಪರ್ಧೆ ಶುರುವಾಗಿದ್ದು 1991ರಲ್ಲಿ. ಈ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಬೆರೆಸಿದರೆ ‘ಎಷ್ಟನೆಯ ವರ್ಷ’ ಎಂಬ ಲೆಕ್ಕ ಮುಂದೆ ಎಂದಿಗೂ ಸರಿಹೋಗುವುದಿಲ್ಲ.

ಆಮೇಲೆ ವರ್ಷಕ್ಕೊಂದು ಸಾಲಿನ ಕೋಷ್ಟಕ ಮಾಡಿ. ಅದರಲ್ಲಿ ಇವು ಇರಲಿ: ದಿನಾಂಕ, ಹೊರಡುವ ಜಾಗ, ಮುಟ್ಟುವ ಜಾಗ, ಹೇಳಿಕೊಂಡ ದೂರ, ಅಳೆದ ದೂರ, ಹೊರಟ ಗಂಟೆ, ನೀರಿನ ಉಷ್ಣತೆ, ಗಾಳಿಯ ದಿಕ್ಕು ಮತ್ತು ವೇಗ, ಕೊನೆಯ ಗಡುವು, ವೆಟ್‌ಸೂಟ್‌ಗೆ (ಮೈ ಬೆಚ್ಚಗಿಡುವ ರಬ್ಬರಿನ ಈಜುಡುಗೆ) ಅನುಮತಿ ಇತ್ತೇ ಇಲ್ಲವೇ. ಹೆಸರು ಕೊಟ್ಟವರು, ನೀರಿಗಿಳಿದವರು, ದಡ ಮುಟ್ಟಿದವರು ಎಂದು ಮೂರು ಬೇರೆ ಅಂಕಣ ಬೇಕೇ ಬೇಕು. ಪತ್ರಿಕೆಗಳು ಹೆಚ್ಚಾಗಿ ಬರೆಯುವುದು ಮೊದಲನೆಯ ಸಂಖ್ಯೆಯನ್ನು, ಏಕೆಂದರೆ ಅದೇ ದೊಡ್ಡದು. ರದ್ದಾದ ವರ್ಷಕ್ಕೂ ಸಾಲು ಇರಲಿ, ಕಾರಣವನ್ನೂ ಸೇರಿಸಿ. ಒಬ್ಬರೇ ಈಜಿದವರು, ಜೋಡಿ, ಸರದಿಯಲ್ಲಿ ಈಜುವ ತಂಡ, ಇವರ ಸಮಯವನ್ನು ಒಂದೇ ಪಟ್ಟಿಗೆ ಹಾಕಬೇಡಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ದೂರದ ವಿಷಯಕ್ಕೆ. ತಿರುವಿನ ತೇಲುಗುರುತು ನಿಂತಲ್ಲೇ ನಿಲ್ಲುವುದಿಲ್ಲ. 10 ಮೀಟರ್ ಆಳದಲ್ಲಿ 15 ಮೀಟರ್ ಹಗ್ಗಕ್ಕೆ ಲಂಗರು ಕಟ್ಟಿದರೆ, ಅದು ಲಂಗರಿನಿಂದ ಯಾವ ದಿಕ್ಕಿಗಾದರೂ ಸುಮಾರು 11 ಮೀಟರ್ ಸರಿಯಬಹುದು. ಲಂಗರೇ ಎಳೆದುಕೊಂಡು ಹೋದರೆ ಇನ್ನೂ ಹೆಚ್ಚು. ಹಳೆಯ ವರ್ಷಗಳಿಗೆ ಜೆಟ್ಟಿ, ದೀಪಸ್ತಂಭ, ಬಂಡೆಯಂಥ ಕದಲದ ಗುರುತುಗಳನ್ನು ಉಪಗ್ರಹ ನಕ್ಷೆಯಲ್ಲಿ ಹುಡುಕಿ ನೇರ ಗೆರೆ ಎಳೆದು ಅಳೆಯಿರಿ. ಈಜುಗಾರರ ಕೈಗಡಿಯಾರದ ಜಿಪಿಎಸ್ ದೂರವನ್ನು ದಾರಿಯ ಉದ್ದವೆಂದು ಬರೆಯಬೇಡಿ: ಪ್ರತಿ ತೋಳುಬೀಸಿಗೂ ಮಣಿಕಟ್ಟು ನೀರಿನೊಳಗೆ ಹೋಗಿ ಸಂಕೇತ ತಪ್ಪುತ್ತದೆ, ಜೊತೆಗೆ ಯಾರೂ ನೆಟ್ಟಗೆ ಈಜುವುದಿಲ್ಲ. ಈಜು ಟೋಪಿಯೊಳಗೆ ಇಟ್ಟ ಸಾಧನದ ಗೆರೆ ಇದಕ್ಕಿಂತ ನಂಬಿಕೆಗೆ ಅರ್ಹ.

ಸೆಳೆತದ ಲೆಕ್ಕ ಸುಲಭ. ನಿಂತ ನೀರಿನಲ್ಲಿ ಗಂಟೆಗೆ 4 ಕಿ.ಮೀ. ಈಜುವವರಿಗೆ 3 ಕಿ.ಮೀ.ಗೆ 45 ನಿಮಿಷ ಬೇಕು. ಗಂಟೆಗೆ ಅರ್ಧ ಕಿ.ಮೀ. ಸೆಳೆತ ಜೊತೆಗಿದ್ದರೆ 40 ನಿಮಿಷ, ಎದುರಿದ್ದರೆ 51 ನಿಮಿಷ ದಾಟುತ್ತದೆ. ಅದೇ ತೋಳು, ಅದೇ ದೂರ, ಹನ್ನೊಂದು ನಿಮಿಷದ ಅಂತರ. ಬಂಗಾಳದ ಮುರ್ಶಿದಾಬಾದ್‌ನಲ್ಲಿ ಭಾಗೀರಥಿ ನದಿಯ 81 ಕಿ.ಮೀ. ಸ್ಪರ್ಧೆಯನ್ನು ಒಂದೇ ಹಗಲಿನಲ್ಲಿ ಮುಗಿಸಲು ಸಾಧ್ಯವಾಗುವುದು ಮಳೆಗಾಲದ ತುಂಬುಹೊಳೆಯ ಹರಿವಿನಿಂದಲೇ. ಆದ್ದರಿಂದ ಹೊಳೆಯ ಸ್ಪರ್ಧೆಗೆ ಆ ದಿನದ ನೀರಿನ ಮಟ್ಟ, ಕಡಲಿನದಕ್ಕೆ ಉಬ್ಬರ-ಇಳಿತದ ಹೊತ್ತು ಸಿಗದಿದ್ದರೆ ‘ಕೂಟ ದಾಖಲೆ’ (ಆ ಸ್ಪರ್ಧೆಯ ಈವರೆಗಿನ ಅತಿ ವೇಗದ ಸಮಯ) ಎಂಬ ಪದ ಬಳಸದಿರುವುದೇ ಲೇಸು. ದಾರಿ ಬದಲಾದಾಗಲೆಲ್ಲ ಹೊಸ ದಾಖಲೆಪಟ್ಟಿ ಶುರುಮಾಡಿ.

ಗಾಳಿಯನ್ನೂ ಗಂಟೆವಾರು ನೋಡಬೇಕು. ಪರ್ತ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ನೈಋತ್ಯದಿಂದ ಕಡಲಗಾಳಿ ಏಳುತ್ತದೆ. ಸ್ಥಳೀಯರು ಅದನ್ನು ಫ್ರೀಮ್ಯಾಂಟಲ್ ಡಾಕ್ಟರ್ ಎನ್ನುತ್ತಾರೆ. ಫೆಬ್ರವರಿಯ ಈ ಸ್ಪರ್ಧೆ ನಸುಕಿನಲ್ಲೇ ಹೊರಡುವುದರ ಲಾಭ ಇದೇ. ಬೇಗ ಮುಟ್ಟುವವರಿಗೆ ಗಾಳಿ ತಾಗುವುದೇ ಇಲ್ಲ, ನಿಧಾನದವರು ಕೊನೆಯ ಕಿಲೋಮೀಟರ್‌ಗಳನ್ನು ಅಲೆಯ ನಡುವೆ ಈಜಬೇಕು. ದಿನದ ಸರಾಸರಿ ಗಾಳಿಯನ್ನಷ್ಟೇ ಬರೆದರೆ ಇಷ್ಟೊಂದು ಜನ ಏಕೆ ಹಿಂದೆ ಸರಿದರು ಎಂಬುದು ತಿಳಿಯದೇ ಹೋಗುತ್ತದೆ.

ಪತ್ರಿಕೆಗಳಲ್ಲಿ ಹುಡುಕುವಾಗ ಸ್ಪರ್ಧೆಗೆ ಮೊದಲಿನ ಎರಡು ವಾರ ಮತ್ತು ನಂತರದ ಒಂದು ವಾರ ಪೂರ್ತಿ ತಿರುವಿಹಾಕಿ. ನಿಯಮ ಮತ್ತು ದಾರಿ ಮೊದಲಿನ ಸುದ್ದಿಯಲ್ಲಿ, ತಿದ್ದುಪಡಿ ನಂತರದ್ದರಲ್ಲಿ ಸಿಗುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಜಾಲತಾಣ ಉಚಿತ. ಆದರೆ ಅಲ್ಲಿನ ಬಹುಪಾಲು ಪತ್ರಿಕೆಗಳು 1954ರ ಆಸುಪಾಸಿಗೆ ನಿಲ್ಲುತ್ತವೆ. ಕೆಲವು ಅದರಾಚೆಗೂ ಇವೆ, ಒಂದೊಂದನ್ನೇ ನೋಡಬೇಕು. ಉಳಿದದ್ದಕ್ಕೆ ಗ್ರಂಥಾಲಯದ ಮೈಕ್ರೋಫಿಲ್ಮ್, ಅಂದರೆ ಪುಟಗಳನ್ನು ಚಿಕ್ಕದಾಗಿಸಿ ತೆಗೆದ ಫಿಲ್ಮ್ ಸುರುಳಿ. ಜಾಲತಾಣದಲ್ಲಿ ಸ್ಕ್ಯಾನ್ ಮಾಡಿದ ಪುಟಗಳ ಅಕ್ಷರ ಗುರುತಿಸುವ ತಂತ್ರಾಂಶ ಹೆಸರುಗಳನ್ನು ತಪ್ಪಾಗಿ ಓದುವುದರಿಂದ ಹೆಸರಿನ ಬದಲು ಊರು, ದೂರ, ‘ಈಜು’ ಎಂಬ ಪದ ಕೊಟ್ಟು ಹುಡುಕಿ. ಹಳೆಯ ವರದಿಗಳಲ್ಲಿ ಮದುವೆಯಾದ ಮಹಿಳೆಯರು ಗಂಡನ ಹೆಸರಿನಲ್ಲಿ ಅಡಗಿರುತ್ತಾರೆ. ಅವರ ಸ್ವಂತ ಹೆಸರನ್ನು ಕ್ಲಬ್ಬಿನ ಸದಸ್ಯರ ಪುಸ್ತಕದಿಂದ ಹುಡುಕಿ ಬರೆಯಲೇಬೇಕು. ಇದನ್ನು ಮಾಡದ ಚರಿತ್ರೆ ಅರ್ಧ ಈಜುಗಾರರನ್ನು ಮರೆತಂತೆ.

ಹಿರಿಯರನ್ನು ಮಾತಾಡಿಸುವಾಗ ‘ಯಾವ ವರ್ಷ?’ ಎಂದು ಕೇಳಬೇಡಿ, ವರ್ಷ ನೆನಪಿರುವುದಿಲ್ಲ. ಟೋಪಿಯ ಬಣ್ಣ, ಪದಕದ ಆಕಾರ, ಜೊತೆಗಿದ್ದ ದೋಣಿ ಯಾರದ್ದು, ನಡುವೆ ಏನು ಕುಡಿದರು ಎಂದು ಕೇಳಿ. ಆ ಉತ್ತರವನ್ನು ಫೋಟೋ ಜೊತೆ ಹೋಲಿಸಿದರೆ ವರ್ಷ ತಾನಾಗಿ ಸಿಗುತ್ತದೆ. ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದನ್ನಷ್ಟೇ ಖಚಿತ ಎಂದು ಗುರುತಿಸಿ.

ಫೋಟೋಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಬೆನ್ನಿನ ಬರಹದ ಸಮೇತ. ಕೋಷ್ಟಕದ ಪ್ರತಿ ಅಂಕಿಯ ಪಕ್ಕ ಅದು ಎಲ್ಲಿಂದ ಬಂತೆಂದು ಬರೆದು, ಒಂದು ಪ್ರತಿ ಕ್ಲಬ್ಬಿಗೆ, ಇನ್ನೊಂದು ಊರಿನ ಗ್ರಂಥಾಲಯಕ್ಕೆ ಕೊಡಿ.