ಬೆನ್ನಚೀಲದಲ್ಲೊಂದು ಡಿಜೆ ಸೆಟ್: ಗುಟ್ಟೆಲ್ಲ ಆ ಒಂದು ಕಿಂಡಿಯಲ್ಲಿ

ಡಿಜೆಯಾಗಿ ಹಾಡು ಹಾಕುತ್ತಿದ್ದೆ, ಟ್ಯಾಬ್ಲೆಟ್ಟಿನ ಬ್ಯಾಟರಿ ಶೇ 9ಕ್ಕೆ ಇಳಿದಿತ್ತು. ಹಾಡು ನಡೆಯುತ್ತಿರುವಾಗಲೇ ಚಾರ್ಜರಿನ ತುದಿಯನ್ನು ಹಬ್‌ಗೆ (ಒಂದು ಕಿಂಡಿಯನ್ನು ಹಲವಾಗಿಸುವ ಪೆಟ್ಟಿಗೆಗೆ) ಸಿಕ್ಕಿಸಿದೆ. ಕಂಟ್ರೋಲರಿನ (ಹಾಡು ನಡೆಸುವ ಗುಂಡಿ, ತಿರುಗಣೆಗಳ ಫಲಕದ) ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡವು. ಅಷ್ಟರಲ್ಲಿ ದೊಡ್ಡ ಸ್ಪೀಕರ್‌ಗಳು ಮೂಕವಾಗಿದ್ದವು. ಹಾಡು ಟ್ಯಾಬ್ಲೆಟ್ಟಿನ ಪುಟ್ಟ ಸ್ಪೀಕರಿನಿಂದ ಸೊಳ್ಳೆ ಗುಂಯ್‌ಗುಟ್ಟಿದಂತೆ ಬರುತ್ತಿತ್ತು. ಸರಿಹೋಗಲು ನಾಲ್ಕೈದು ಸೆಕೆಂಡು ಹಿಡಿದಿರಬಹುದು. ಕುಣಿಯುತ್ತಿದ್ದವರು ಎತ್ತಿದ ಕೈ ಇಳಿಸದೆ ನನ್ನತ್ತಲೇ ನೋಡುತ್ತಿದ್ದರು.

ಆಮೇಲೆ ಇದೇ ತಪ್ಪನ್ನು ಬೇರೆಯವರೂ ಮಾಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಟ್ಯಾಬ್ಲೆಟ್, ಒಂದೆರಡು ಕಂಟ್ರೋಲರ್, ಹೆಡ್‌ಫೋನ್ ಎಲ್ಲವೂ ಒಂದೇ ಚೀಲದಲ್ಲಿ ಹಿಡಿಯುತ್ತವೆ, ನಿಜ. ಆದರೆ ಲ್ಯಾಪ್‌ಟಾಪಿಗೆ ಎರಡು ಮೂರು ಕಿಂಡಿಗಳಿದ್ದರೆ ಟ್ಯಾಬ್ಲೆಟ್ಟಿಗೆ ಇರುವುದು ಸಾಮಾನ್ಯವಾಗಿ ಒಂದೇ. ವಿದ್ಯುತ್ ಒಳಬರುವುದೂ ಅಲ್ಲಿಂದ, ಕಂಟ್ರೋಲರಿನ ಸಂಕೇತ ಬರುವುದೂ ಅಲ್ಲಿಂದ, ಹಾಡು ಹೊರಹೋಗುವುದೂ ಅಲ್ಲಿಂದಲೇ. ಹೀಗಾಗಿ ಈ ಲೇಖನದ ದೊಡ್ಡ ಪಾಲು ಆ ಕಿಂಡಿಗೇ ಮೀಸಲು. ಉಳಿದದ್ದನ್ನು ಬೇಗ ಮುಗಿಸೋಣ.

ಹಂತ 1: ಟ್ಯಾಬ್ಲೆಟ್, ಆ್ಯಪ್, ಹಾಡು

ಕೈಯಲ್ಲಿರುವ ಟ್ಯಾಬ್ಲೆಟ್ಟಿಗೆ ಯುಎಸ್‌ಬಿ-ಸಿ ಕಿಂಡಿ ಇದ್ದರೆ ಹೊಸದು ಕೊಳ್ಳಬೇಡಿ. ಐಪ್ಯಾಡ್‌ಗಳಲ್ಲಿ ಪ್ರೋಗೆ 2018ರಲ್ಲಿ, ಏರ್‌ಗೆ 2020ರಲ್ಲಿ, ಮಿನಿಗೆ 2021ರಲ್ಲಿ, ಸಾದಾ ಐಪ್ಯಾಡಿಗೆ 2022ರಲ್ಲಿ ಈ ಕಿಂಡಿ ಬಂತು. ಅದಕ್ಕಿಂತ ಹಳೆಯ ಲೈಟ್ನಿಂಗ್ ಕಿಂಡಿಯದಾದರೆ, ಚಾರ್ಜಿಂಗ್ ತೂತೂ ಇರುವ ಕ್ಯಾಮೆರಾ ಅಡಾಪ್ಟರ್ ಬೇಕು. ಇದರ ಅಗ್ಗದ ನಕಲಿಗಳನ್ನು ನಾನು ಮೂರು ಸಲ ಕೊಂಡು ಮೂರು ಸಲವೂ ಎಸೆದಿದ್ದೇನೆ. ಆಂಡ್ರಾಯ್ಡ್ ತನ್ನ 5ನೇ ಆವೃತ್ತಿಯಿಂದ ಯುಎಸ್‌ಬಿ ಧ್ವನಿಯನ್ನೂ 6ರಿಂದ ಮಿಡಿ ಸಂಕೇತವನ್ನೂ, ಎಂದರೆ ಯಾವ ಗುಂಡಿ ಒತ್ತಿದಿರಿ ಎಂಬ ಸುದ್ದಿಯನ್ನೂ, ಅರ್ಥಮಾಡಿಕೊಳ್ಳುತ್ತದೆ. ಆದರೆ ಗುಂಡಿ ಒತ್ತಿದ್ದಕ್ಕೂ ಶಬ್ದ ಬಂದದ್ದಕ್ಕೂ ನಡುವಿನ ತಡ ಒಂದೊಂದು ಮಾದರಿಯಲ್ಲಿ ಒಂದೊಂದು ಬಗೆ. ಆದ್ದರಿಂದ ಕೊಳ್ಳುವ ಮೊದಲೇ ಕಂಟ್ರೋಲರ್ ಹಚ್ಚಿ ನೋಡಿ.

ಆ್ಯಪ್ ವಿಷಯದಲ್ಲಿ ನನ್ನದು ಹಟ: 2010ರಲ್ಲೇ ಐಪ್ಯಾಡಿಗೆ ಬಂದ ‘ಡಿಜೇ’ (djay) ಸಾಕು. ಎರಡು ಮೂರು ಆ್ಯಪ್‌ಗಳನ್ನು ಅರೆಬರೆ ಕಲಿಯುವುದಕ್ಕಿಂತ ಒಂದರ ಮೂಲೆಮೂಲೆ ಗೊತ್ತಿರುವುದು ಲೇಸು.

ಹಾಡುಗಳು ನಿಮ್ಮ ಸ್ವಂತ ಫೈಲುಗಳಾಗಿರಲಿ. ತಿಂಗಳ ಚಂದಾದ ಸಂಗೀತ ಆ್ಯಪ್‌ಗಳಲ್ಲಿ ‘ಡೌನ್‌ಲೋಡ್’ ಎಂದು ಉಳಿಸಿಕೊಂಡ ಹಾಡಿಗೆ ಬೀಗ ಹಾಕಿರುತ್ತಾರೆ, ಅದನ್ನು ಬೇರೆ ಆ್ಯಪ್ ಫೈಲಿನಂತೆ ತೆರೆಯಲಾರದು. ನೇರವಾಗಿ ಅಂತರ್ಜಾಲದಿಂದ ಹಾಕುತ್ತೇನೆ ಎನ್ನುವವರು ನೆಲಮಾಳಿಗೆಯಲ್ಲೋ ಸಾವಿರ ಮೊಬೈಲುಗಳ ನಡುವೆಯೋ ನೆಟ್‌ವರ್ಕ್ ಹುಡುಕಿದ ಮೇಲೆ ನನಗೆ ಹೇಳಲಿ. 320 ಕೆಬಿಪಿಎಸ್‌ನ ಎಂಪಿ3 ಆದರೆ ನಾಲ್ಕು ನಿಮಿಷದ ಹಾಡಿಗೆ ಸುಮಾರು 9.6 ಎಂಬಿ ಬೇಕು. ಸಾವಿರ ಹಾಡು 10 ಜಿಬಿಯೊಳಗೆ ಮುಗಿಯುತ್ತದೆ. ವೇವ್ ಫೈಲ್ ಇದರ ನಾಲ್ಕು ಪಟ್ಟು ಜಾಗ ತಿನ್ನುತ್ತದೆ. ಈ ಕೆಲಸಕ್ಕೆ ಅದು ಬೇಕಿಲ್ಲ.

ಹಂತ 2: ಕಂಟ್ರೋಲರ್

ಅಂಗಡಿಯವರು ಜಾಗ್ ವೀಲ್ ಎಷ್ಟು ದೊಡ್ಡದು, ಪ್ಯಾಡ್ ಎಷ್ಟು ಬಣ್ಣದ್ದು ಎಂದು ತೋರಿಸುತ್ತಾರೆ. ನೀವು ಕೇಳಬೇಕಾದ್ದು ಒಂದೇ ಪ್ರಶ್ನೆ: ಇದರೊಳಗೆ ಸೌಂಡ್ ಕಾರ್ಡ್ (ಡಿಜಿಟಲ್ ಹಾಡನ್ನು ಸ್ಪೀಕರಿಗೆ ಹೋಗುವ ಧ್ವನಿಯಾಗಿಸುವ ಭಾಗ) ಇದೆಯೇ? ಡಿಜೆಗೆ ಏಕಕಾಲಕ್ಕೆ ನಾಲ್ಕು ಧ್ವನಿದಾರಿಗಳು ಬೇಕು. ಎರಡು ಸಭೆಗೆ, ಇನ್ನೆರಡು ಮುಂದಿನ ಹಾಡನ್ನು ನೀವೊಬ್ಬರೇ ಕೇಳಿಕೊಳ್ಳುವ ಹೆಡ್‌ಫೋನಿಗೆ. ಪಯೋನಿಯರ್ ಡಿಜೆಯ ಡಿಡಿಜೆ-200ರಲ್ಲಿ ಸೌಂಡ್ ಕಾರ್ಡ್ ಇಲ್ಲ. ಅದೇ ಕಂಪನಿಯ ಡಿಡಿಜೆ-ಎಫ್‌ಎಲ್‌ಎಕ್ಸ್4ರಲ್ಲಿ ಇದೆ. ಇಲ್ಲದ ಕಡೆ ಕವಲು ಕೇಬಲ್ ಹಾಕಿ, ಎಡಗಿವಿಯ ದಾರಿಯನ್ನು ಸಭೆಗೂ ಬಲಗಿವಿಯದನ್ನು ಹೆಡ್‌ಫೋನಿಗೂ ಹಂಚುತ್ತಾರೆ. ಕಲಿಯಲು ಅಡ್ಡಿಯಿಲ್ಲ, ಆದರೆ ಸಭೆಗೆ ಹೋಗುವುದು ಸ್ಟೀರಿಯೊ ಅಲ್ಲ, ಮೋನೊ.

ಎರಡನೆಯ ಕಂಟ್ರೋಲರ್ ಬೇಕೆನಿಸಿದರೆ (ಎಫೆಕ್ಟ್‌ಗಳಿಗೆ ನಾಲ್ಕೆಂಟು ತಿರುಗಣೆ, ಸ್ಯಾಂಪಲ್ ಎಂಬ ಚಿಕ್ಕ ಧ್ವನಿ ತುಣುಕುಗಳಿಗೆ ಒಂದಿಷ್ಟು ಪ್ಯಾಡ್) ಸೌಂಡ್ ಕಾರ್ಡ್ ಇಲ್ಲದ, ಬರಿಯ ಮಿಡಿ ಕಳಿಸುವ ಚಿಕ್ಕದನ್ನು ಆರಿಸಿ. ಏಕೆಂದು ಮುಂದೆ ಹೇಳುತ್ತೇನೆ. ಎರಡಕ್ಕೂ ಪ್ರತ್ಯೇಕ ಡ್ರೈವರ್ (ಉಪಕರಣ ನಡೆಸುವ ತಂತ್ರಾಂಶ) ಹಾಕುವ ಅಗತ್ಯ ಇರಬಾರದು. ಐಪ್ಯಾಡಿಗೆ ಹಾಗೆ ಡ್ರೈವರ್ ಹಾಕಿಕೊಳ್ಳುವುದು ದೂರದ ಮಾತು.

ಅಂಗೈಯಗಲದ ಕಂಟ್ರೋಲರ್‌ಗಳ ಬಗ್ಗೆ ಒಂದು ಎಚ್ಚರಿಕೆ. ಅವುಗಳ ವೇಗದ ಫೇಡರ್ (ಹಾಡಿನ ವೇಗ ಬದಲಿಸುವ ಜಾರುಗುಂಡಿ) ಹಲವು ಸಲ 128 ಮೆಟ್ಟಿಲುಗಳಷ್ಟೇ ಕಳಿಸುತ್ತದೆ. ವೇಗದ ವ್ಯಾಪ್ತಿ ಮೇಲೆ ಕೆಳಗೆ ಶೇ 8 ಎಂದು ಇಟ್ಟರೆ ಒಂದು ಮೆಟ್ಟಿಲಿಗೆ ಸುಮಾರು ಶೇ 0.126. ಎರಡು ಮೆಟ್ಟಿಲುಗಳ ನಡುವೆ ಸಿಕ್ಕಿಕೊಂಡ ಹಾಡು ನಿಮಿಷಕ್ಕೆ 38 ಮಿಲಿಸೆಕೆಂಡಿನಷ್ಟು ಜಾರಬಹುದು. ಕಿವಿ ಎಷ್ಟೇ ಚುರುಕಾಗಿದ್ದರೂ ಕೈಯಿಂದ ಬೀಟ್ ಕೂಡಿಸಲು ಆಗದೆ ‘ನನಗೇ ಬರುವುದಿಲ್ಲ’ ಎಂದು ಕೊರಗುವವರು ಇದನ್ನು ತಿಳಿದಿರಲಿ. ವ್ಯಾಪ್ತಿಯನ್ನು ಶೇ 4ಕ್ಕೆ ಇಳಿಸಿ, ಇಲ್ಲವೇ ನಾಚಿಕೆಪಡದೆ, ಬೀಟನ್ನು ತಾನಾಗಿ ಕೂಡಿಸುವ ಸಿಂಕ್ ಒತ್ತಿ. ನಾನು ಒತ್ತುತ್ತೇನೆ.

ಬ್ಲೂಟೂತ್ ಸ್ಪೀಕರ್ ಮಾತ್ರ ಬೇಡವೇ ಬೇಡ. ಅದರ ತಡ 200 ಮಿಲಿಸೆಕೆಂಡಿನವರೆಗೂ, ಕೆಲವೊಮ್ಮೆ ಅದನ್ನೂ ಮೀರಿ ಹೋಗುತ್ತದೆ. ನಿಮಿಷಕ್ಕೆ 120 ಬೀಟ್‌ನ ಹಾಡಿನಲ್ಲಿ ಒಂದು ಬೀಟ್ 500 ಮಿಲಿಸೆಕೆಂಡು. ನೀವು ಒತ್ತಿದ್ದು ಕೇಳುವ ಹೊತ್ತಿಗೆ ಅರ್ಧ ಬೀಟ್ ಹತ್ತಿರ ಹತ್ತಿರ ಕಳೆದಿರುತ್ತದೆ.

ಹಂತ 3: ಕಿಂಡಿ

ಈಗ ನಿಧಾನವಾಗಿ ಓದಿ.

ಯುಎಸ್‌ಬಿ 2 ಕಿಂಡಿ ಕೊಡುವ ಭರವಸೆ 500 ಮಿಲಿಆಂಪಿಯರ್, ಎಂದರೆ 2.5 ವಾಟ್. ದೀಪಗಳೂ ಸೌಂಡ್ ಕಾರ್ಡೂ ಇರುವ ಕಂಟ್ರೋಲರ್ ಒಂದೇ ಅಷ್ಟನ್ನೂ ನುಂಗಬಹುದು. ಅದರ ಪಕ್ಕ ಇನ್ನೊಂದನ್ನು ಹಚ್ಚಿದರೆ ಟ್ಯಾಬ್ಲೆಟ್ ‘ಈ ಉಪಕರಣಕ್ಕೆ ಹೆಚ್ಚು ವಿದ್ಯುತ್ ಬೇಕು’ ಎಂದು ಕೈಚೆಲ್ಲುತ್ತದೆ. ಇನ್ನೂ ಕೆಟ್ಟದ್ದೆಂದರೆ, ಏನನ್ನೂ ಹೇಳದೆ ಅರ್ಧ ಗಂಟೆ ನಡೆಸಿ ಆಮೇಲೆ ಬಿಟ್ಟುಬಿಡುತ್ತದೆ. ಆದ್ದರಿಂದ ಹೊರಗಿನಿಂದ ವಿದ್ಯುತ್ ಪಡೆಯುವ ಹಬ್ ಬೇಕೇ ಬೇಕು.

ಹಬ್ ಆರಿಸುವಾಗ ಜನ ‘ಇರಲಿ, ಎಂದಾದರೂ ಬೇಕಾದೀತು’ ಎಂದು ಹತ್ತು ತೂತಿನದನ್ನು ತರುತ್ತಾರೆ. ಅದರಲ್ಲಿ ಹೆಡ್‌ಫೋನ್ ತೂತೂ ಇರುತ್ತದೆ, ಎಚ್‌ಡಿಎಂಐಯೂ ಇರುತ್ತದೆ. ಹಬ್‌ನ ಆ ಹೆಡ್‌ಫೋನ್ ತೂತಿನ ಹಿಂದೆ ಇರುವುದು ಇನ್ನೊಂದು ಸೌಂಡ್ ಕಾರ್ಡ್. ಐಪ್ಯಾಡ್ ಒಂದು ಹೊತ್ತಿಗೆ ಒಂದೇ ಸೌಂಡ್ ಕಾರ್ಡನ್ನು ಹಿಡಿಯುತ್ತದೆ, ಸಾಮಾನ್ಯವಾಗಿ ಕೊನೆಗೆ ಬಂದದ್ದನ್ನು. ಹೀಗಾಗಿ ಕಂಟ್ರೋಲರಿನ ಗುಂಡಿಗಳೆಲ್ಲ ಕೆಲಸ ಮಾಡುತ್ತವೆ, ಪರದೆಯ ಮೇಲೆ ಹಾಡು ಓಡುತ್ತದೆ, ಸ್ಪೀಕರಿನಲ್ಲಿ ಮಾತ್ರ ಸದ್ದಿಲ್ಲ. ಹಾಡು ಆ ಹೆಡ್‌ಫೋನ್ ತೂತಿನಿಂದ ಗಾಳಿಗೆ ಹೋಗುತ್ತಿರುತ್ತದೆ. ಕಂಟ್ರೋಲರ್ ಕೆಟ್ಟಿದೆ ಎಂದು ಹೇಳಿ ಅಂಗಡಿಗೆ ಹೊತ್ತೊಯ್ದವರನ್ನು ಕಂಡಿದ್ದೇನೆ. ಎರಡನೆಯ ಕಂಟ್ರೋಲರಿನಲ್ಲಿ ಸೌಂಡ್ ಕಾರ್ಡ್ ಬೇಡ ಎಂದದ್ದೂ ಇದೇ ಕಾರಣಕ್ಕೆ. ಹಬ್ ಎಷ್ಟು ಬಡವಾಗಿದ್ದರೆ ಅಷ್ಟು ಒಳ್ಳೆಯದು: ವಿದ್ಯುತ್ತಿಗೊಂದು ತೂತು, ಕಂಟ್ರೋಲರ್‌ಗಳಿಗೆ ಎರಡು ಮೂರು ತೂತು, ಅಷ್ಟೇ.

ಇನ್ನು ನನ್ನ ಆ ನಾಲ್ಕೈದು ಸೆಕೆಂಡಿನ ವಿಷಯ. ಯುಎಸ್‌ಬಿ-ಸಿಯಲ್ಲಿ ಚಾರ್ಜರ್ ಚುಚ್ಚಿದೊಡನೆ ವಿದ್ಯುತ್ ಸುಮ್ಮನೆ ಹರಿಯುವುದಿಲ್ಲ. ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ಕೊಡುವವರು ಯಾರು, ಪಡೆಯುವವರು ಯಾರು ಎಂದು ಚಾರ್ಜರ್, ಹಬ್, ಟ್ಯಾಬ್ಲೆಟ್ ಮೂರೂ ಮೊದಲು ಚೌಕಾಶಿ ಮಾಡುತ್ತವೆ. ಆ ಚೌಕಾಶಿಯ ಹೊತ್ತಿನಲ್ಲಿ ಎಷ್ಟೋ ಹಬ್‌ಗಳು ತಮಗೆ ಹಚ್ಚಿದ ಎಲ್ಲ ಉಪಕರಣಗಳನ್ನೂ ಒಂದು ಕ್ಷಣ ಕೈಬಿಡುತ್ತವೆ. ಚಾರ್ಜರ್ ಕಿತ್ತರೂ ಇದೇ ಕಥೆ. ಕರೆಂಟ್ ಹೋಯಿತೆನ್ನಿ, ಅದೂ ಕಿತ್ತಂತೆಯೇ.

ಆದ್ದರಿಂದ ಜೋಡಿಸುವ ಕ್ರಮ ಹೀಗಿರಲಿ. ಮೊದಲು ವಿದ್ಯುತ್ತನ್ನು ಹಬ್‌ಗೆ ಕೊಡಿ. ಆಮೇಲೆ ಹಬ್‌ನ ತುದಿಯನ್ನು ಟ್ಯಾಬ್ಲೆಟ್ಟಿಗೆ ಚುಚ್ಚಿ, ಬ್ಯಾಟರಿ ಚಿಹ್ನೆಯ ಮೇಲೆ ಮಿಂಚಿನ ಗುರುತು ಬರುವವರೆಗೆ ಕಾಯಿರಿ. ಬರಲಿಲ್ಲವೋ, ಮುಂದೆ ಹೋಗಬೇಡಿ. ಚಾರ್ಜರ್ ದುರ್ಬಲವಾಗಿದೆ ಅಥವಾ ಕೇಬಲ್ ಸರಿಯಿಲ್ಲ. ಬಂದ ಮೇಲೆ ಬರಿ ಮಿಡಿಯ ಕಂಟ್ರೋಲರ್ ಹಚ್ಚಿ, ಕೊನೆಗೆ ಸೌಂಡ್ ಕಾರ್ಡ್ ಇರುವುದನ್ನು. ಆ್ಯಪ್ ತೆರೆಯುವುದು ಇದೆಲ್ಲ ಮುಗಿದ ಮೇಲೆಯೇ. ಇಲ್ಲಿಂದ ಮುಂದೆ ಕಾರ್ಯಕ್ರಮ ಮುಗಿಯುವ ತನಕ ಯಾವ ತುದಿಯನ್ನೂ ಮುಟ್ಟುವಂತಿಲ್ಲ.

ವಿದ್ಯುತ್ತಿಗೆ ನಾನು ಗೋಡೆಯ ಚಾರ್ಜರ್ ಬಿಟ್ಟು ಪವರ್ ಬ್ಯಾಂಕ್‌ಗೆ ಬಂದು ಬಹಳ ದಿನವಾಯಿತು. ಕರೆಂಟ್ ಹೋದರೂ ಅದಕ್ಕೆ ಗೊತ್ತಾಗುವುದಿಲ್ಲ. 20,000 ಎಂಎಎಚ್‌ನದು, 3.7 ವೋಲ್ಟ್ ಲೆಕ್ಕದಲ್ಲಿ 74 ವಾಟ್-ಅವರ್. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಸಾಮಾನ್ಯವಾಗಿ ಇರುವ 100ರ ಮಿತಿಯೊಳಗೇ ಬರುತ್ತದೆ. ಯುಎಸ್‌ಬಿ-ಸಿಯಿಂದ 30 ವಾಟ್ ಆದರೂ ಕೊಡುವಂಥದ್ದಿರಲಿ, ಏಕೆಂದರೆ ಹಬ್ ತನ್ನ ಪಾಲನ್ನು ಮುರಿದುಕೊಂಡೇ ಟ್ಯಾಬ್ಲೆಟ್ಟಿಗೆ ದಾಟಿಸುತ್ತದೆ.

ಕೇಬಲ್ಲುಗಳ ಗುಂಪಿನಲ್ಲಿ ಚಾರ್ಜಿಗಷ್ಟೇ ಆಗುವ, ದತ್ತಾಂಶ ಹಾಯದ ಕೇಬಲ್ ಒಂದಾದರೂ ನುಸುಳಿರುತ್ತದೆ. ನೋಡಲು ಎಲ್ಲವೂ ಒಂದೇ. ಪರೀಕ್ಷಿಸಿ ಗೆದ್ದ ಕೇಬಲ್ಲಿನ ಎರಡೂ ತುದಿಗೆ ಕೆಂಪು ದಾರ ಕಟ್ಟಿಡಿ. ಟ್ಯಾಬ್ಲೆಟ್ಟಿನ ಕಡೆಯ ತುದಿಯಿಂದ ನಾಲ್ಕು ಬೆರಳು ಬಿಟ್ಟು ಕೇಬಲ್ಲನ್ನು ಒಂದು ಸುತ್ತು ಬಳಸಿ, ಸ್ಟ್ಯಾಂಡಿನ ಕಾಲಿಗೆ ಬಟ್ಟೆಯ ಟೇಪಿನಿಂದ ಅಂಟಿಸಿ. ಆ ಸುತ್ತು ಸಡಿಲವಾಗಿರಬೇಕು. ಯಾರದೋ ಮೊಣಕೈ ತಾಗಿದರೆ ಎಳೆತ ಟೇಪಿಗೆ ಬೀಳುತ್ತದೆ, ಕಿಂಡಿಗಲ್ಲ. ಪಾರದರ್ಶಕ ಟೇಪ್ ಬೇಡ. ಬಿಸಿಗೆ ಅಂಟು ಬಿಟ್ಟು ಕೇಬಲ್ಲಿನ ಮೇಲೆ ಗೊಜ್ಜಾಗಿ ಕೂರುತ್ತದೆ.

ಕೊನೆಯ ಪರೀಕ್ಷೆ ಮನೆಯಲ್ಲಿ. ಹಾಡು ಹಾಕಿ, ಬೇಕೆಂದೇ ಚಾರ್ಜರ್ ಕಿತ್ತು ಮತ್ತೆ ಚುಚ್ಚಿ. ಸದ್ದು ತುಂಡಾಗದ ಹಬ್ ಸಿಕ್ಕಿದರೆ ಅದೇ ಮಾದರಿಯ ಇನ್ನೊಂದನ್ನು ಕೊಂಡು ಚೀಲದ ತಳದಲ್ಲಿ ಹಾಕಿಡಿ.

ಹಂತ 4: ಸ್ಪೀಕರಿಗೆ ದಾರಿ

ಚಿಕ್ಕ ಕಂಟ್ರೋಲರಿನ ಮಾಸ್ಟರ್ (ಸಭೆಗೆ ಹೋಗುವ ಧ್ವನಿಯ ತೂತು) ಸಾಮಾನ್ಯವಾಗಿ ಆರ್‌ಸಿಎ ಬಗೆಯದು; ಸಭಾಂಗಣದ ಮಿಕ್ಸರಿನಲ್ಲಿ ಕಾಲಿಂಚಿನ ತೂತೋ ಎಕ್ಸ್‌ಎಲ್‌ಆರೋ ಇರುತ್ತದೆ. ಆರ್‌ಸಿಎಯಿಂದ ಕಾಲಿಂಚಿನ ಜೋಡಿ ಕೇಬಲ್ ಒಂದು ಜೊತೆಯಲ್ಲಿರಲಿ, ಐದು ಮೀಟರಿಗಿಂತ ಉದ್ದ ಬೇಡ.

ಹಚ್ಚಿದಾಗ ‘ಹೂಂ’ ಎಂಬ ಸದ್ದು ಬಂದರೆ, ಚಾರ್ಜರ್ ಒಂದು ದಾರಿಯಲ್ಲಿ, ಮಿಕ್ಸರ್ ಇನ್ನೊಂದು ದಾರಿಯಲ್ಲಿ ನೆಲ ಮುಟ್ಟಿ ಸುತ್ತು ಕಟ್ಟಿವೆ ಎಂದು ಅರ್ಥ. ಪವರ್ ಬ್ಯಾಂಕಿಗೆ ಬದಲಾಯಿಸಿದರೆ ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ. ಇಲ್ಲವೇ ಟ್ರಾನ್ಸ್‌ಫಾರ್ಮರ್ ಇರುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಪ್ಲಗ್ಗಿನ ಮೂರನೆಯ ಪಿನ್ ಮುರಿಯುವ ಜಾಣತನವನ್ನು ಯಾರಾದರೂ ಹೇಳಿಕೊಟ್ಟರೆ ಅವರನ್ನು ವಿದ್ಯುತ್ತಿನ ಹತ್ತಿರ ಬಿಡಬೇಡಿ.

ಆ್ಯಪ್‌ನಲ್ಲಿ ಕೆಂಪು ದೀಪ ಹತ್ತದಂತೆ ಇಟ್ಟು, ಸದ್ದು ಸಾಲದಿದ್ದರೆ ಮಿಕ್ಸರಿನಲ್ಲಿ ಏರಿಸಿ. ಡಿಜಿಟಲ್‌ನಲ್ಲಿ ಒಡೆದ ಸದ್ದನ್ನು ಮುಂದೆ ಯಾವ ಪೆಟ್ಟಿಗೆಯೂ ಜೋಡಿಸಲಾರದು.

ಹಂತ 5: ಟ್ಯಾಬ್ಲೆಟ್ಟಿನ ಬಾಯಿ ಕಟ್ಟುವುದು

ಏರ್‌ಪ್ಲೇನ್ ಮೋಡ್ ಹಾಕಿ. ಪರದೆ ತಾನಾಗಿ ಆರುವುದನ್ನು ‘ಎಂದಿಗೂ ಇಲ್ಲ’ ಮಾಡಿ. ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ. ಕಾರ್ಯಕ್ರಮದ ಹಿಂದಿನ ವಾರ ಹೊಸ ಆವೃತ್ತಿ ಹಾಕಿಕೊಳ್ಳುವವರಿಗೆ ನನ್ನಲ್ಲಿ ಮದ್ದಿಲ್ಲ. ಬೆರಳು ತಪ್ಪಿ ಆ್ಯಪ್‌ನಿಂದ ಹೊರಬೀಳದಂತೆ ಐಪ್ಯಾಡಿನಲ್ಲಿ ‘ಗೈಡೆಡ್ ಆ್ಯಕ್ಸೆಸ್’ ಇದೆ, ಬಳಸಿ. ಬಫರ್ (ಧ್ವನಿಯನ್ನು ಮುಂಚೆಯೇ ಕೂಡಿಟ್ಟುಕೊಳ್ಳುವ ಪ್ರಮಾಣ) ಆಯ್ಕೆ ಸಿಕ್ಕರೆ 512 ಸ್ಯಾಂಪಲ್ ಸಾಕು, ತಡ ಸುಮಾರು 11.6 ಮಿಲಿಸೆಕೆಂಡು. ಐಪ್ಯಾಡನ್ನು 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಿ ಎನ್ನುತ್ತದೆ ಆ್ಯಪಲ್. ಬಿಸಿಲಿಗೆ ಇಟ್ಟು, ಚಾರ್ಜನ್ನೂ ಮಾಡುತ್ತ, ದಪ್ಪ ಕವಚವನ್ನೂ ತೊಡಿಸಿದರೆ ಅದು ಎಚ್ಚರಿಕೆ ತೋರಿಸಿ ಮುನಿಸಿಕೊಳ್ಳುತ್ತದೆ. ಕವಚ ಬಿಚ್ಚಿ, ಬೆನ್ನಿಗೆ ಗಾಳಿಯಾಡುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ.

ಹಂತ 6: ಗುಂಡಿಗಳ ಹಂಚಿಕೆ

ಮುಖ್ಯ ಕಂಟ್ರೋಲರನ್ನು ಆ್ಯಪ್ ತಾನೇ ಗುರುತಿಸುತ್ತದೆ. ಎರಡನೆಯದಕ್ಕೆ ಮಿಡಿ ಕಲಿಕೆಯ ಆಯ್ಕೆ ತೆರೆದು, ಬೇಕಾದ ಕೆಲಸ ಮುಟ್ಟಿ, ತಿರುಗಣೆ ಅಲುಗಾಡಿಸಿ. ಹಾಡು ನಿಲ್ಲಿಸುವ ಗುಂಡಿಯನ್ನು ಮಾತ್ರ ಎಫೆಕ್ಟ್ ಗುಂಡಿಗಳ ಪಕ್ಕ ಇಡಬೇಡಿ.

ಇಷ್ಟಾದ ಮೇಲೆ ಇಡೀ ಸೆಟ್ಟನ್ನು ಮನೆಯಲ್ಲೇ ಎರಡು ಗಂಟೆ ಬಿಡದೆ ನಡೆಸಿ, ಬ್ಯಾಟರಿ ಏರುತ್ತಿದೆಯೋ ಇಳಿಯುತ್ತಿದೆಯೋ ಬರೆದಿಡಿ. ಇಳಿಯುತ್ತಿದ್ದರೆ ಪರದೆಯ ಬೆಳಕು ತಗ್ಗಿಸಿ ಇನ್ನೊಮ್ಮೆ ನೋಡಿ. ಕಾರ್ಯಕ್ರಮದ ದಿನ ಸ್ಪೀಕರ್ ಎಲ್ಲಕ್ಕಿಂತ ಕೊನೆಗೆ ಆನ್, ಮುಗಿದಾಗ ಎಲ್ಲಕ್ಕಿಂತ ಮೊದಲು ಆಫ್. ಸ್ಪೀಕರಿನ ದೀಪ ಆರಿದ ಮೇಲಷ್ಟೇ ಆ ಕಿಂಡಿಯಿಂದ ಕೇಬಲ್ ಕೀಳಿ.